ವಿದ್ಯಾರ್ಥಿಯ ನಿತ್ಯಕಾಯಕ

ಕಾಯಕವೆಂಬ ಮಾತನ್ನು ಕೇಳಿದೊಡನೆ ನೇಗಿಲು, ಮಗ್ಗ, ಕುಲುಮೆ, ಅಂಗಡಿ ಇವು ಮನಸ್ಸಿಗೆ ಬರುವುದು ಸಹಜ. ಕಾಲೇಜಿಗೆ ಹೋಗುವ ಮಗನ ಅಥವಾ ಮಗಳ ಓದನ್ನು ಅನೇಕ ಗೃಹಸ್ಥರು ಮುಂದಿನ ಕಾಯಕದ ಸಿದ್ಧತೆಯೆಂದು ತಿಳಿಯುವರೇ ಹೊರತು, ಅದೂ ಒಂದು ಕಾಯಕವೆಂದು ತಿಳಿಯುವುದು ಅಪರೂಪ. ಓದು ಮುಗಿದ ಮೇಲೆ ದೊರೆಯುವ ಉದ್ಯೋಗವೇ ನಿಜವಾದ ಕೆಲಸ, ಅಲ್ಲಿಯವರೆಗೆ ನಡೆಯುವುದೆಲ್ಲ ಅದಕ್ಕಾಗಿ ತೆರುವ ಬೆಲೆ ಎಂಬ ಭಾವನೆ ಮನೆಯಲ್ಲಿ ನೆಲೆಗೊಂಡರೆ ವಿದ್ಯಾರ್ಥಿಯೂ ಅದನ್ನೇ ನಂಬುತ್ತಾನೆ. ಆಗ ಅವನ ಚಿತ್ತವು ಇಂದಿನ ಪಾಠದ ಮೇಲೆ ನಿಲ್ಲದೆ, ಇನ್ನೂ ಬಾರದಿರುವ ಫಲಿತಾಂಶದ ಮೇಲೆ ನಿಲ್ಲುತ್ತದೆ. ಇಂದು ಕಾಲೇಜುಗಳಲ್ಲಿ ಕಾಣಬರುವ ಮನಸ್ಸಿನ ಒತ್ತಡದ ಒಂದು ಬೇರು ಇಲ್ಲಿಯೇ ಇದೆ. ಓದನ್ನೇ ನಿತ್ಯಕಾಯಕವೆಂದು ಭಾವಿಸಿದಲ್ಲಿ ಆ ಒತ್ತಡವು ಹೇಗೆ ತಗ್ಗುವುದೆಂಬುದನ್ನು ವಿಚಾರಿಸುವುದು ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಉಪಯುಕ್ತವಾದುದಾಗಿದೆ.

ಇಂದಿನ ವ್ಯಾಸಂಗದ ಸ್ವರೂಪ

ಹಿಂದಿನ ತಲೆಮಾರಿನವರು ಓದಿದಾಗ ವರ್ಷಕ್ಕೊಂದು ವಾರ್ಷಿಕ ಪರೀಕ್ಷೆ ಇರುತ್ತಿತ್ತು. ಇಂದು ವರ್ಷವನ್ನು ಎರಡು ಸೆಮಿಸ್ಟರುಗಳನ್ನಾಗಿ ವಿಭಾಗಿಸಿ, ಒಂದೊಂದರ ಕೊನೆಗೂ ಪರೀಕ್ಷೆ ನಡೆಸುತ್ತಾರೆ. ಅದರ ನಡುವೆ ಆಂತರಿಕ ಪರೀಕ್ಷೆಗಳು, ಅಸೈನ್‌ಮೆಂಟುಗಳು, ಪ್ರಯೋಗಶಾಲೆಯ ರೆಕಾರ್ಡುಗಳು, ಸೆಮಿನಾರುಗಳು ಒಂದರ ಹಿಂದೊಂದು ಬರುತ್ತವೆ. ಬೆಳಗಾವಿಯಲ್ಲಿ ಕೇಂದ್ರವಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಯೋಜನೆಯನ್ನು ನೋಡಿದರೆ, ಸಾಮಾನ್ಯವಾಗಿ ಒಂದು ವಿಷಯದ 100 ಅಂಕಗಳಲ್ಲಿ 50 ಅಂಕಗಳು ಸೆಮಿಸ್ಟರಿನುದ್ದಕ್ಕೂ ನಡೆಯುವ ಕೆಲಸಕ್ಕೆ, ಉಳಿದ 50 ಕೊನೆಯ ಪರೀಕ್ಷೆಗೆ ಮೀಸಲಾಗಿವೆ. ಇದರ ಮೇಲೆ ಹಾಜರಿಯ ನಿಬಂಧನೆಯೂ ಇದೆ. ಪದವಿ ತರಗತಿಗಳಲ್ಲಿಯಾದರೋ 2021ರಲ್ಲಿ ಹೊಸ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಕ್ರಮ ಬಂದಿತು. 2024ರಲ್ಲಿ ಮರಳಿ ಮೂರು ವರ್ಷಗಳ ಕ್ರಮವಾಯಿತು. ಊರಿನಲ್ಲಿರುವ ತಂದೆತಾಯಿಗಳಿಗೆ ಈ ಏರ್ಪಾಡುಗಳ ಪರಿಚಯವಿರುವುದಿಲ್ಲ. ಮಗನು ಯಾವಾಗಲೂ ಪರೀಕ್ಷೆ, ಪರೀಕ್ಷೆ ಎನ್ನುವನಲ್ಲ ಎಂದು ಅವರು ಆಶ್ಚರ್ಯಪಡುವುದುಂಟು. ಆ ಮಾತು ನೆಪವಲ್ಲ. ಈಗಿನ ವ್ಯಾಸಂಗದ ಸ್ವರೂಪವೇ ಹಾಗಿದೆ.

ಈ ಕ್ರಮದಲ್ಲಿ ಒಂದು ಗುಣವೂ ಇದೆ. ದಿನದಿನದ ಕೆಲಸಕ್ಕೆ ಇದು ಬೆಲೆ ಕೊಡುತ್ತದೆ. ಆದರೆ ವಿದ್ಯಾರ್ಥಿಗಳಲ್ಲಿ ಬಹುಮಂದಿ ಹಳೆಯ ವಾರ್ಷಿಕ ಪರೀಕ್ಷೆಯ ಅಭ್ಯಾಸವನ್ನೇ ಇದರೊಳಗೂ ನಡೆಸುತ್ತಾರೆ. ಮೂರು ತಿಂಗಳು ಪುಸ್ತಕ ಮುಟ್ಟದೆ ಕಳೆದು, ಕೊನೆಯ ಹದಿನೈದು ದಿನ ನಿದ್ದೆಗೆಟ್ಟು ಓದುತ್ತಾರೆ. ಮೊದಲು ಉದಾಸೀನ, ಅನಂತರ ಅತಿರೇಕ: ಇವೆರಡೂ ಒಂದೇ ದೋಷದ ಎರಡು ಮುಖಗಳು. ಅಳತೆ ತಪ್ಪುವುದೇ ಆ ದೋಷ.

ಲಕ್ಕಮ್ಮನು ಕಲಿಸಿದ ಅಳತೆ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿದ್ದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆ ಈ ಮಾಸಿಕದ ಓದುಗರಿಗೆ ಹೊಸದಲ್ಲ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆ ಅಕ್ಕಿಯಿಂದಲೇ ಅವರ ಜಂಗಮದಾಸೋಹ ನಡೆಯುತ್ತಿತ್ತು. ಶರಣರ ಚರಿತ್ರೆಗಳು ಈ ದಂಪತಿಗಳ ವಿಷಯವಾಗಿ ಎರಡು ಪ್ರಸಂಗಗಳನ್ನು ಹೇಳುತ್ತವೆ. ಒಮ್ಮೆ ಮಾರಯ್ಯನು ಅನುಭಾವದ ಗೋಷ್ಠಿಯಲ್ಲಿ ಮೈಮರೆತು ಕುಳಿತಾಗ, ಕಾಯಕದ ಹೊತ್ತು ಮೀರುತ್ತಿದೆಯೆಂದು ಲಕ್ಕಮ್ಮನು ನೆನಪಿಸಿ ಎಬ್ಬಿಸಿದಳು. ಮತ್ತೊಮ್ಮೆ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ತಂದ ಸ್ಥಳದಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದಳು.

ಈ ಎರಡು ಪ್ರಸಂಗಗಳನ್ನು ಬೇರೆ ಬೇರೆಯಾಗಿ ಹೇಳುವ ರೂಢಿಯಿದೆ. ಒಟ್ಟಿಗೆ ನೋಡಿದರೆ ಅವುಗಳ ಅರ್ಥವು ಇನ್ನೂ ಸ್ಪಷ್ಟವಾಗುತ್ತದೆ. ಗೋಷ್ಠಿಯು ಎಷ್ಟೇ ಶ್ರೇಷ್ಠವಾದರೂ ದಿನದ ಕೆಲಸವನ್ನು ಬಿಡುವಂತಿಲ್ಲ. ಫಲವು ಎಷ್ಟೇ ಸುಲಭವಾಗಿ ದೊರೆತರೂ ದಿನದ ಅಳತೆಯನ್ನು ಮೀರುವಂತಿಲ್ಲ. ಅಕ್ಕಿಯ ವಿಷಯದಲ್ಲಿ ಲಕ್ಕಮ್ಮನು ಆಶೆಯನ್ನು ತಡೆದಳು. ಓದಿನ ವಿಷಯದಲ್ಲಿ ತಡೆಯಬೇಕಾದುದು ಭೀತಿಯನ್ನು. ನಾಳೆಯ ಭಯದಿಂದ ಒಂದೇ ರಾತ್ರಿಯಲ್ಲಿ ಒಂದು ತಿಂಗಳ ಪಾಠವನ್ನು ತಲೆಯೊಳಗೆ ತುಂಬಿಕೊಳ್ಳಲು ಹೊರಟವನ ಮುಂದೆ ಲಕ್ಕಮ್ಮನಂತಹ ಒಬ್ಬರು ನಿಂತು, ಇಂದಿನ ಪಾಲು ಇಷ್ಟೇ, ಉಳಿದುದನ್ನು ನಾಳೆಗೆ ಬಿಡು ಎಂದು ಹೇಳಬೇಕಾಗಿದೆ. ಅಂತೆಯೇ ಹರಟೆಯಲ್ಲಿಯೋ ಮೊಬೈಲಿನಲ್ಲಿಯೋ ಹೊತ್ತು ಕಳೆಯುವವನನ್ನು ಎಬ್ಬಿಸಿ ಇಂದಿನ ಪಾಲಿಗೆ ಕೂರಿಸಬೇಕಾಗಿದೆ.

ಪಾಲು ಮಾಡಿಕೊಳ್ಳುವ ಬಗೆ

ಇಂದಿನ ಪಾಲು ಎಷ್ಟೆಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿ ತಿಳಿಯತಕ್ಕದ್ದು. ಮೇಲೆ ಹೇಳಿದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಒಂದೊಂದು ವಿಷಯವನ್ನು ಸಾಮಾನ್ಯವಾಗಿ ಐದು ಘಟಕಗಳನ್ನಾಗಿ ವಿಂಗಡಿಸಿರುತ್ತಾರೆ. ಐದು ವಿಷಯಗಳಿದ್ದರೆ ಒಟ್ಟು 25 ಘಟಕಗಳು. ಸೆಮಿಸ್ಟರಿನಲ್ಲಿ ಪಾಠಗಳು 15 ವಾರ ನಡೆಯುವುವೆಂದು ಇಟ್ಟುಕೊಂಡರೆ ವಾರಕ್ಕೆ ಎರಡು ಘಟಕಗಳೂ ಪೂರ್ತಿಯಾಗಿ ಬರುವುದಿಲ್ಲ. ಇದೇ 25 ಘಟಕಗಳನ್ನು ಕೊನೆಯ 15 ದಿನಗಳಿಗೆ ಬಿಟ್ಟರೆ ದಿನವೊಂದಕ್ಕೆ ಒಂದೂವರೆಗೂ ಹೆಚ್ಚು ಘಟಕಗಳು ಬೀಳುತ್ತವೆ. ಹೊರೆ ಒಂದೇ, ವಾರಗಳ ಮೇಲೆ ಹಂಚಿದಾಗ ಹೊರಬಹುದಾದುದು ದಿನಗಳ ಮೇಲೆ ಹೇರಿದಾಗ ಬೆನ್ನು ಮುರಿಯುತ್ತದೆ.

ದಿನದ 24 ಗಂಟೆಗಳನ್ನೂ ಹೀಗೆಯೇ ನೋಡಬೇಕು. ನಿದ್ರೆಗೆ ಏಳು, ಕಾಲೇಜಿಗೆ ಏಳು, ಬಸ್ಸಿನ ಪ್ರಯಾಣಕ್ಕೆ ಎರಡು, ಸ್ನಾನ, ಪೂಜೆ, ಊಟ ಮತ್ತು ಮನೆಗೆಲಸಗಳಿಗೆ ಮೂರು ಗಂಟೆಗಳನ್ನು ಕಳೆದರೆ ಉಳಿಯುವುದು ಐದು ಗಂಟೆ. ಅದರಲ್ಲಿ ಎರಡು ಗಂಟೆ ವಿಶ್ರಾಂತಿಗೂ ಆಟಕ್ಕೂ ಮಾತುಕತೆಗೂ ಬಿಟ್ಟರೆ ಓದಿಗೆ ಮೂರು ಗಂಟೆ ಸಿಕ್ಕುತ್ತದೆ. ವಾರಕ್ಕೆ ಆರು ದಿನದಂತೆ 15 ವಾರಗಳಿಗೆ ಇದು 270 ಗಂಟೆಯಾಗುವುದು. ಮೂರನೆಯ ಒಂದು ಭಾಗವನ್ನು ರೆಕಾರ್ಡು ಮತ್ತು ಅಸೈನ್‌ಮೆಂಟುಗಳಿಗೆ ಕೊಟ್ಟರೂ 180 ಗಂಟೆ ಉಳಿದು, ಒಂದೊಂದು ಘಟಕಕ್ಕೆ ಏಳು ಗಂಟೆಗೂ ಮಿಕ್ಕಿ ದೊರೆಯುತ್ತದೆ. ವಾರದ ಏಳನೆಯ ದಿನವು ಬಿಡುವಿಗೆ ಸಲ್ಲುತ್ತದೆ. ಬೆಟ್ಟದಂತೆ ಕಂಡದ್ದು ಲೆಕ್ಕಕ್ಕೆ ಸಿಕ್ಕಿದ ಕೂಡಲೆ ಅಳೆದು ಹೊರಬಹುದಾದ ಮೂಟೆಗಳಾಗುತ್ತದೆ. ಹೆಸರಿಲ್ಲದ ಭಯಕ್ಕಿಂತ ಹೆಸರುಳ್ಳ ಕೆಲಸವು ಹಗುರ.

ವಾರದ ಆರಂಭದಲ್ಲಿ ಒಪ್ಪಿಸಬೇಕಾದ ಕೆಲಸಗಳ ದಿನಾಂಕಗಳನ್ನು ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸುವುದು, ಪ್ರತಿರಾತ್ರಿ ಮಲಗುವ ಮೊದಲು ನಾಳೆಯ ಮೂರು ಕೆಲಸಗಳನ್ನು ಗುರುತು ಹಾಕುವುದು, ಒಂದು ದಿನ ತಪ್ಪಿದ ಪಾಲನ್ನು ಏಳನೆಯ ದಿನ ತುಂಬಿಕೊಳ್ಳುವುದು, ಇಷ್ಟು ಸಾಕು. ತಪ್ಪಿದ ದಿನಕ್ಕಾಗಿ ತನ್ನನ್ನು ತಾನು ಹಳಿದುಕೊಳ್ಳುತ್ತ ಮತ್ತೊಂದು ದಿನವನ್ನು ಕೆಡಿಸಿಕೊಳ್ಳುವುದು ವಿವೇಕವಲ್ಲ.

ಓದಿದುದನ್ನು ಉಳಿಸಿಕೊಳ್ಳುವುದು

ಕುಳಿತ ಹೊತ್ತೆಲ್ಲ ಕಲಿತ ಹೊತ್ತಾಗುವುದಿಲ್ಲ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ವಿದ್ವಾಂಸರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸಿದೆ. ವಿದ್ಯಾರ್ಥಿಗಳು ಒಂದು ಪಾಠಭಾಗವನ್ನು ಎರಡು ಸಲ ಓದಿದರು. ಮತ್ತೊಂದು ಪಾಠಭಾಗವನ್ನು ಒಮ್ಮೆ ಓದಿ, ಬದಿಗಿರಿಸಿ, ನೆನಪಿನಿಂದ ಬರೆದರು. ಐದು ನಿಮಿಷಗಳ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದುದೇ ಹೆಚ್ಚು ನೆನಪಿನಲ್ಲಿತ್ತು. ಒಂದು ವಾರದ ನಂತರ ಪರೀಕ್ಷಿಸಿದಾಗ ನೆನಪಿನಿಂದ ಬರೆದುದರಲ್ಲಿ ಶೇಕಡ 56ರಷ್ಟು, ಮತ್ತೆ ಓದಿದುದರಲ್ಲಿ ಶೇಕಡ 42ರಷ್ಟು ಮಾತ್ರ ಉಳಿದಿತ್ತು. ಓದಿದ ಕೂಡಲೆ ಎಲ್ಲವೂ ಬಂದಿತೆಂಬ ತೃಪ್ತಿಯು ಮೋಸಗೊಳಿಸಬಲ್ಲುದು. ಪುಸ್ತಕವನ್ನು ಮುಚ್ಚಿ, ಖಾಲಿ ಹಾಳೆಯ ಮೇಲೆ ಬರೆದು ನೋಡಿ, ತಪ್ಪಿದುದನ್ನು ಮಾತ್ರ ಮತ್ತೆ ತೆರೆದು ನೋಡುವುದು ಮೇಲಾದ ಕ್ರಮ. ಮರುದಿನ ಒಮ್ಮೆ, ವಾರದ ಬಳಿಕ ಒಮ್ಮೆ ಹಾಗೆ ಮಾಡಿದರೆ ಪರೀಕ್ಷೆಯ ಮುನ್ನಾದಿನ ಹೊಸದಾಗಿ ಕಲಿಯುವ ಪಾಡು ಬಾರದು.

ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಇನ್ನೊಂದು ಕಷ್ಟವಿದೆ. ವಿಜ್ಞಾನ, ವಾಣಿಜ್ಯ, ತಾಂತ್ರಿಕ ವಿಷಯಗಳ ಪಾಠಗಳು ಅವರಿಗೆ ಏಕಾಏಕಿ ಇಂಗ್ಲಿಷಿನಲ್ಲಿ ಎದುರಾಗುತ್ತವೆ. ಅರ್ಥವಾಗದಿರುವುದು ಭಾಷೆಯೋ ವಿಷಯವೋ ತಿಳಿಯದೆ, ತನ್ನ ಬುದ್ಧಿಯೇ ಮಂದವೆಂದು ಜಾಣನಾದ ಹುಡುಗನೂ ಕುಗ್ಗಿಹೋಗುವುದುಂಟು. ಇದು ಬುದ್ಧಿಯ ಕೊರತೆಯಲ್ಲ, ಪರಿಚಯದ ಕೊರತೆ. ದಿನಕ್ಕೆ ಐದು ಪಾರಿಭಾಷಿಕ ಪದಗಳನ್ನು ಅವುಗಳ ಕನ್ನಡ ಅರ್ಥದೊಡನೆ ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡುವುದು, ವಿಷಯವನ್ನು ಮೊದಲು ಕನ್ನಡದಲ್ಲಿ ತನಗೆ ತಾನೇ ಹೇಳಿಕೊಂಡು ಅನಂತರ ಇಂಗ್ಲಿಷಿನಲ್ಲಿ ಬರೆಯುವುದು, ಇವೆರಡರಿಂದ ಒಂದು ವರ್ಷದಲ್ಲಿ ದಾರಿ ತೆರೆಯುತ್ತದೆ. ಅರ್ಥವಾಗದುದನ್ನು ಕೇಳಲು ಸಂಕೋಚವೇ ದೊಡ್ಡ ಶತ್ರು. ತರಗತಿಯಲ್ಲಿ ನಾಚಿಕೆಯಾದರೆ ತರಗತಿ ಮುಗಿದ ಮೇಲಾದರೂ ಗುರುಗಳನ್ನು ಕೇಳತಕ್ಕದ್ದು.

ಬೇಸತ್ತಾಗ ಬೇರೊಬ್ಬರ ಬರಹವನ್ನು ನಕಲು ಮಾಡಿ, ಇಲ್ಲವೆ ಈಗಿನ ಯಂತ್ರಗಳಿಂದ ಬರೆಯಿಸಿ ತನ್ನದೆಂದು ಒಪ್ಪಿಸುವ ಆಸೆ ಹುಟ್ಟುವುದು ಸ್ವಾಭಾವಿಕ. ಅದರಿಂದ ಒಂದು ಸಂಜೆಯ ಭಾರ ತಪ್ಪುವುದು ನಿಜ. ಆದರೆ ಕಲಿಯದೆ ಉಳಿದ ಪಾಠವು ಪರೀಕ್ಷೆಯ ದಿನ ಇಮ್ಮಡಿಯಾಗಿ ಹಿಂದಿರುಗುತ್ತದೆ, ಜೊತೆಗೆ ಸಿಕ್ಕಿಬೀಳುವ ಅಂಜಿಕೆಯನ್ನೂ ತರುತ್ತದೆ. ಶುದ್ಧವಾಗಿ ಮಾಡಿದ ಅರೆಕೆಲಸವೂ ನೆಮ್ಮದಿಯನ್ನು ಕೊಡುತ್ತದೆ.

ಶರೀರದ ಮರ್ಯಾದೆ

ಕಾಯಕವೆಂಬ ಪದದಲ್ಲಿಯೇ ಕಾಯವಿದೆ. ಕಾಯವನ್ನು ಕೆಡಿಸಿ ಮಾಡುವ ಕಾಯಕವು ಬಹುದಿನ ನಡೆಯಲಾರದು. ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಸಂಶೋಧನೆ ನಡೆಸಿದ ಹಾನ್ಸ್ ಸೆಲ್ಯೆ ಎಂಬ ವೈದ್ಯವಿಜ್ಞಾನಿ 1936ರಲ್ಲಿ ಶರೀರದ ಮೇಲಾಗುವ ಒತ್ತಡದ ಮೂರು ಹಂತಗಳನ್ನು ವಿವರಿಸಿದನು. ಮೊದಲು ಶರೀರವು ಎಚ್ಚೆತ್ತುಕೊಳ್ಳುತ್ತದೆ. ಅನಂತರ ಎದುರಿಸಿ ನಿಲ್ಲುತ್ತದೆ. ಒತ್ತಡವು ಬಿಡದೆ ಮುಂದುವರಿದರೆ ಕೊನೆಗೆ ಬಳಲಿ ಬೀಳುತ್ತದೆ. ಪರೀಕ್ಷೆಗೆ ಮುನ್ನ ಎದೆ ಸ್ವಲ್ಪ ಬಡಿದುಕೊಳ್ಳುವುದು ಮೊದಲನೆಯ ಹಂತ. ಅದು ರೋಗವಲ್ಲ, ಕೆಲಸಕ್ಕೆ ಸಹಾಯಕವೇ ಹೌದು. ತಿಂಗಳುಗಟ್ಟಲೆ ಬಿಡುವಿಲ್ಲದ ಆತಂಕವು ಮೂರನೆಯ ಹಂತಕ್ಕೆ ಒಯ್ಯುತ್ತದೆ. ಆಗ ಪುಸ್ತಕ ತೆರೆದರೂ ಅಕ್ಷರ ತಲೆಗೆ ಹತ್ತದು.

ನಿದ್ರೆಯನ್ನು ಕದ್ದು ಓದುವುದು ವ್ಯರ್ಥವೆಂಬುದಕ್ಕೂ ಪ್ರಮಾಣವಿದೆ. 1924ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಖ್ ಎಂಬವರು ನಡೆಸಿದ ಪ್ರಯೋಗದಲ್ಲಿ, ಕಲಿತ ಮೇಲೆ ಮಲಗಿ ನಿದ್ರಿಸಿದಾಗ ಉಳಿದ ನೆನಪು, ಅಷ್ಟೇ ಹೊತ್ತು ಎಚ್ಚರವಾಗಿದ್ದಾಗ ಉಳಿದ ನೆನಪಿಗಿಂತ ಹೆಚ್ಚಾಗಿತ್ತು. ಅಂದಿನಿಂದ ನಡೆದ ಅನೇಕ ಸಂಶೋಧನೆಗಳು ಈ ಮಾತನ್ನು ಬಲಪಡಿಸಿವೆ. ವಯಸ್ಕರಿಗೆ ದಿನಕ್ಕೆ ಏಳು ಗಂಟೆಗೆ ಕಡಿಮೆಯಿಲ್ಲದ ನಿದ್ರೆ ಬೇಕೆಂದು ಅಮೆರಿಕದ ನಿದ್ರಾತಜ್ಞರ ಸಂಸ್ಥೆಗಳು 2015ರಲ್ಲಿ ಸಲಹೆಯಿತ್ತಿವೆ. ಆದುದರಿಂದ ಪರೀಕ್ಷೆಯ ಹಿಂದಿನ ರಾತ್ರಿ ಮಲಗುವುದು ಸೋಮಾರಿತನವಲ್ಲ. ಅದೂ ಓದಿನ ಒಂದು ಅಂಗವೇ ಸರಿ. ಹೊತ್ತಿಗೆ ಸರಿಯಾದ ಊಟ, ಸಂಜೆ ಅರ್ಧ ಗಂಟೆಯ ನಡಿಗೆ, ಬೆಳಿಗ್ಗೆ ಹತ್ತು ನಿಮಿಷ ಮೌನವಾಗಿ ಕುಳಿತು ಉಸಿರಾಟವನ್ನು ಗಮನಿಸುವುದು, ಓದುವ ಹೊತ್ತಿನಲ್ಲಿ ಮೊಬೈಲನ್ನು ಬೇರೆ ಕೋಣೆಯಲ್ಲಿ ಇಡುವುದು, ಇವು ಹಣ ಬೇಡದ ಔಷಧಿಗಳು. ಇಷ್ಟಲಿಂಗಪೂಜೆಯ ಅಭ್ಯಾಸವಿರುವ ಮನೆಗಳಲ್ಲಿ ಈ ಮೌನಕ್ಕೆ ಬೇರೆ ಹೊತ್ತನ್ನು ಹುಡುಕಬೇಕಾಗಿಲ್ಲ.

ಹಂಚಿಕೊಂಡ ಹೊರೆ

ಒಬ್ಬನೇ ಹೊರುವ ಭಾರವು ಇಬ್ಬರ ಹೆಗಲಿಗೆ ಬಂದಾಗ ಅರ್ಧವಾಗುತ್ತದೆ. ನಾಡಿನ ಮಠಗಳು ನಡೆಸಿಕೊಂಡು ಬಂದಿರುವ ಉಚಿತ ಪ್ರಸಾದನಿಲಯಗಳ ಮಹತ್ವವು ಅನ್ನ ಮತ್ತು ಆಶ್ರಯಗಳಲ್ಲಿ ಮಾತ್ರ ಇಲ್ಲ. ಸುತ್ತೂರು ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ವಿದ್ಯಾರ್ಥಿನಿಲಯವನ್ನು ಆರಂಭಿಸಿದರು. ತುಮಕೂರಿನ ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳು 1930ರಿಂದ 2019ರಲ್ಲಿ ಲಿಂಗೈಕ್ಯರಾಗುವವರೆಗೆ ಸಾವಿರಾರು ಬಡಮಕ್ಕಳ ವಿದ್ಯೆಗೆ ಆಸರೆಯಾದರು. ಸಿದ್ಧಗಂಗೆಯ ಸಾಮೂಹಿಕ ಪ್ರಾರ್ಥನೆಯನ್ನು ಕಂಡವರಿಗೆ ಒಂದು ಸಂಗತಿ ಹೊಳೆಯದಿರದು. ಒಂದೇ ಹೊತ್ತಿಗೆ ಏಳುವ, ಒಂದೇ ಪಂಕ್ತಿಯಲ್ಲಿ ಉಣ್ಣುವ ಮಕ್ಕಳಿಗೆ ದಿನಚರಿಯೇ ಕೈಹಿಡಿದು ನಡೆಸುತ್ತದೆ. ಪ್ರತಿದಿನ ಮನಸ್ಸಿನೊಡನೆ ಹೋರಾಡಬೇಕಾದ ಪ್ರಸಂಗ ಕಡಿಮೆಯಾಗುತ್ತದೆ.

ನಗರದ ಬಾಡಿಗೆಯ ಕೋಣೆಯಲ್ಲಿ ಒಂಟಿಯಾಗಿರುವ ವಿದ್ಯಾರ್ಥಿಗೆ ಈ ಅನುಕೂಲವಿಲ್ಲ. ಅಂತಹವನು ಇಬ್ಬರು ಮೂವರು ಗೆಳೆಯರೊಡನೆ ವಾರಕ್ಕೆರಡು ಸಂಜೆ ಕೂಡಿ ಓದುವ ನಿಯಮವನ್ನು ಇಟ್ಟುಕೊಳ್ಳುವುದು ಒಳ್ಳೆಯದು. ತಿಳಿದವನು ತಿಳಿಯದವನಿಗೆ ಹೇಳಿಕೊಟ್ಟಾಗ ಇಬ್ಬರಿಗೂ ಲಾಭ. ಹೇಳಲು ಹೊರಟಾಗಲೇ ತನಗೆ ಎಲ್ಲಿ ತಿಳಿದಿಲ್ಲವೆಂಬುದು ಗೊತ್ತಾಗುವುದು. ವಿದ್ಯೆಯ ದಾಸೋಹವೆಂದರೆ ಇದೇ. ಪಕ್ಕದವನ ಅಂಕ ತನಗಿಂತ ಕಡಿಮೆಯಾಗಲೆಂದು ಬಯಸುವ ಸ್ಪರ್ಧೆಯಲ್ಲಿ ಈ ಸುಖವಿಲ್ಲ.

ಗೃಹಸ್ಥರ ಕರ್ತವ್ಯ

ಮನೆಯವರು ಮಾಡಬಹುದಾದ ಕೆಲಸವೂ ಸಣ್ಣದಲ್ಲ. ಮಗನು ದೂರವಾಣಿಯಲ್ಲಿ ಮಾತನಾಡಿದಾಗ ಎಷ್ಟು ಅಂಕ ಬಂತು ಎಂದು ಮೊದಲು ಕೇಳುವ ಬದಲು, ಊಟವಾಯಿತೆ, ನಿದ್ದೆ ಬರುತ್ತಿದೆಯೆ, ಇಂದು ಏನು ಕಲಿತೆ ಎಂದು ಕೇಳಿದರೆ ಅವನ ಮನಸ್ಸು ಬಿಚ್ಚಿಕೊಳ್ಳುತ್ತದೆ. ಪಕ್ಕದ ಮನೆಯ ಹುಡುಗನೊಡನೆ ಹೋಲಿಸುವುದರಿಂದ ಯಾವ ವಿದ್ಯಾರ್ಥಿಯೂ ಜಾಣನಾದದ್ದಿಲ್ಲ. ಹೊಲ ಅಡವಿಟ್ಟು ಶುಲ್ಕ ಕಟ್ಟಿದ ಮಾತನ್ನು ಮನೆಯ ಸ್ಥಿತಿ ತಿಳಿಯಲೆಂದು ಒಮ್ಮೆ ಸಮಾಧಾನದಿಂದ ಹೇಳಬಹುದು. ಪ್ರತಿ ಹಬ್ಬಕ್ಕೂ ಹೇಳಿದರೆ ಅದು ಮಗನ ಎದೆಯ ಮೇಲಿನ ಕಲ್ಲಾಗುತ್ತದೆ.

ಮನೆಯಿಂದಲೇ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳ ವಿಷಯದಲ್ಲಿ ವಿಶೇಷ ಗಮನ ಬೇಕು. ಸಂಜೆ ಮನೆಗೆ ಬಂದ ಮಗನು ಪುಸ್ತಕ ಹಿಡಿದು ಕುಳಿತರೆ, ಮಗಳು ಅಡಿಗೆಯ ಮನೆಗೆ ಹೋಗುವ ಪದ್ಧತಿ ಇನ್ನೂ ಅನೇಕ ಕಡೆ ಇದೆ. ಇಬ್ಬರಿಗೂ ಪರೀಕ್ಷೆ ಒಂದೇ, ಪ್ರಶ್ನೆಪತ್ರಿಕೆ ಒಂದೇ. ಶರಣೆಯರನ್ನು ಶರಣರ ಸಾಲಿನಲ್ಲಿಯೇ ಕೂರಿಸಿದ ಪರಂಪರೆಯ ಮನೆಗಳಲ್ಲಿ ಮಗಳ ಮೂರು ಗಂಟೆಗಳನ್ನು ಕಾಯ್ದು ಕೊಡುವುದು ಹಿರಿಯರ ಹೊಣೆ. ಮನೆಗೆಲಸವನ್ನು ಅಣ್ಣತಮ್ಮಂದಿರೂ ಹಂಚಿಕೊಂಡರೆ ಯಾರ ಗೌರವಕ್ಕೂ ಕುಂದಿಲ್ಲ.

ಒಂದು ವಿಷಯದಲ್ಲಿ ಅನುತ್ತೀರ್ಣನಾದವನನ್ನು ಕುಲಕ್ಕೆ ಕಳಂಕವೆಂಬಂತೆ ನೋಡುವುದು ಸಲ್ಲದು. ಬಾಕಿ ಉಳಿದ ವಿಷಯಕ್ಕೆ ಮತ್ತೆ ಕುಳಿತು ಉತ್ತೀರ್ಣರಾಗಲು ವಿಶ್ವವಿದ್ಯಾಲಯಗಳೇ ಅವಕಾಶವಿಟ್ಟಿವೆ. ವಿಶ್ವವಿದ್ಯಾಲಯವು ಕ್ಷಮಿಸಿದುದನ್ನು ಮನೆಯು ಕ್ಷಮಿಸದಿರುವುದು ಯಾವ ನ್ಯಾಯ?

ಎಚ್ಚರ ವಹಿಸಬೇಕಾದ ಚಿಹ್ನೆಗಳು

ಎಲ್ಲ ಕ್ಲೇಶವೂ ದಿನಚರಿಯಿಂದಲೇ ತೀರುವುದಿಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ ನಿದ್ರೆಯಿಲ್ಲದಿರುವುದು, ಊಟ ಬಿಡುವುದು, ಗೆಳೆಯರಿಂದ ದೂರವಾಗುವುದು, ಪ್ರಿಯವಾಗಿದ್ದ ವಿಷಯಗಳಲ್ಲಿಯೂ ಆಸಕ್ತಿ ಅಳಿಯುವುದು, ತನ್ನಿಂದ ಎಲ್ಲರಿಗೂ ಭಾರವೆಂದು ಹೇಳುವುದು, ತಾನಿಲ್ಲದಿದ್ದರೆ ಒಳಿತೆಂಬ ಮಾತನಾಡುವುದು, ಇವು ರೋಗದ ಲಕ್ಷಣಗಳಾಗಿರಬಹುದು. ರಾಷ್ಟ್ರೀಯ ಅಪರಾಧ ದಾಖಲೆ ಕೇಂದ್ರದ ವರದಿಯಂತೆ 2022ರಲ್ಲಿ ಭಾರತದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಈ ಸಂಖ್ಯೆಯ ಹಿಂದೆ ಅಷ್ಟೇ ಮನೆಗಳಿವೆ. ಇಂತಹ ಸಾವುಗಳಿಗೆ ಅಂಕವೊಂದೇ ಕಾರಣವೆಂದು ಹೇಳಲಾಗದು, ಕಾರಣಗಳು ಅನೇಕ. ಆದರೆ ಸಕಾಲದಲ್ಲಿ ಆಡಿದ ಒಂದು ಮಾತು, ದೊರೆತ ಒಂದು ಚಿಕಿತ್ಸೆ ಜೀವವನ್ನು ಉಳಿಸಬಲ್ಲುದೆಂಬುದು ನಿಶ್ಚಯ.

ಅಂತಹ ಮಾತನ್ನು ಕೇಳಿದವರು ಗದರಿಸಬಾರದು, ಉಪದೇಶಕ್ಕೆ ತೊಡಗಬಾರದು, ನಕ್ಕು ಹಾರಿಸಬಾರದು. ಹತ್ತಿರ ಕುಳಿತು ಕೇಳಬೇಕು. ಪ್ರಾಣದ ಭಯವಿದ್ದರೆ ಒಂಟಿಯಾಗಿ ಬಿಡಬಾರದು. ವೈದ್ಯರ ಬಳಿಗೆ ಕರೆದೊಯ್ಯಬೇಕು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯ ಸಂಖ್ಯೆ 14416. ಹಗಲುರಾತ್ರಿ ಯಾವ ಹೊತ್ತಿನಲ್ಲಿಯೂ, ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಲ್ಲಿಯೂ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಮನೋವೈದ್ಯರು ದೊರೆಯುತ್ತಾರೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹರಾದ ಆಪ್ತಸಲಹೆಗಾರರನ್ನು ನೇಮಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ಜುಲೈಯಲ್ಲಿ ಸೂಚಿಸಿದೆ. ಮಕ್ಕಳ ಕಾಲೇಜಿನಲ್ಲಿ ಅಂತಹವರು ಇರುವರೆ ಎಂದು ತಂದೆತಾಯಿಗಳು ವಿಚಾರಿಸತಕ್ಕದ್ದು. ಜ್ವರಕ್ಕೆ ಔಷಧಿ ತೆಗೆದುಕೊಳ್ಳಲು ನಾಚದವರು ಮನಸ್ಸಿನ ಜ್ವರಕ್ಕೆ ನಾಚಬೇಕಾದ ಕಾರಣವಿಲ್ಲ.

ಪರೀಕ್ಷೆಯ ಫಲವು ಪರೀಕ್ಷಕನ ಕೈಯಲ್ಲಿದೆ, ಉದ್ಯೋಗವು ಕಾಲದೇಶಗಳ ಕೈಯಲ್ಲಿದೆ. ಇಂದಿನ ಮೂರು ಗಂಟೆಗಳು ಮಾತ್ರ ವಿದ್ಯಾರ್ಥಿಯ ಕೈಯಲ್ಲಿವೆ. ಅವನ್ನು ಶ್ರದ್ಧೆಯಿಂದ ದುಡಿದು, ಪಾಲು ತೀರಿದ ಮೇಲೆ ಪುಸ್ತಕವನ್ನು ಮುಚ್ಚಿ, ಮನೆಯವರೊಡನೆ ನಾಲ್ಕು ಮಾತನಾಡಿ ಮಲಗುವವನು ಆ ದಿನದ ಮಟ್ಟಿಗೆ ಯಾರಿಗೂ ಸಾಲಗಾರನಲ್ಲ. ಮಕ್ಕಳಿಗೆ ಈ ನೆಮ್ಮದಿಯ ಹಕ್ಕಿದೆಯೆಂದು ಹಿರಿಯರು ಮನಗಂಡು, ಈ ಸೆಮಿಸ್ಟರಿನಿಂದಲೇ ಅದನ್ನು ಮನೆಯಲ್ಲಿ ಆಚರಣೆಗೆ ತರುವುದು ಶ್ರೇಯಸ್ಕರ.